ವೈದ್ಯನಲ್ಲದ ಹಾಫ್‌ಕಿನ್

ಸಂಘದ ಸಂಚಿಕೆಗೆ ಏನಾದರೂ ಬರೆದುಕೊಡು ಅಂತ ಸಂಪಾದಕ ಗೆಳೆಯರು ಮೂರು ತಿಂಗಳಿಂದ ನನ್ನ ಬೆನ್ನು ಹತ್ತಿದ್ದರು. ಕವಿತೆ ನನಗೆ ಒಲಿಯುವುದಿಲ್ಲ. ಕಥೆ ಬರೆಯಲು ಕೂತರೆ ಎರಡನೇ ಪುಟಕ್ಕೇ ನಾಯಕ ಸತ್ತುಹೋಗುತ್ತಾನೆ. ಸಂಘದಲ್ಲಿ ಎಲ್ಲರೂ ಬಿ.ಎ., ಬಿ.ಕಾಂ. ಓದುವವರು, ಫಾರ್ಮಸಿ ಓದುವವನು ನಾನೊಬ್ಬನೇ. ಗುಳಿಗೆ ಅರೆಯುವವನಿಗೆ ಸಾಹಿತ್ಯ ಯಾಕೆ ಅಂತ ಕೆಲವರು ಚೇಷ್ಟೆ ಮಾಡುವುದೂ ಉಂಟು. ಹಾಗಾಗಿ ನನಗೆ ಗೊತ್ತಿರುವ ದಾರಿಯಲ್ಲೇ ನಡೆಯೋಣ ಅಂತ, ಒಬ್ಬ ಮನುಷ್ಯನ ಬದುಕನ್ನು ಹೇಳಲು ಹೊರಟಿದ್ದೇನೆ. ಅವನ ಹೆಸರು ನಮ್ಮ ಮುಂಬಯಿಯ ಪರೇಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದೆ. ಕೆ.ಇ.ಎಂ., ಟಾಟಾ ಸ್ಮಾರಕ ಆಸ್ಪತ್ರೆಗಳ ಆಸುಪಾಸಿನಲ್ಲಿ ಓಡಾಡಿದವರೆಲ್ಲ ಆ ಬೋರ್ಡು ನೋಡಿಯೇ ಇರುತ್ತೀರಿ. ನಾನೂ ನೋಡುತ್ತಲೇ ಬೆಳೆದೆ. ಆದರೆ ಹಾಫ್‌ಕಿನ್ ಅಂದರೆ ಯಾರೋ ಇಂಗ್ಲಿಷ್ ಡಾಕ್ಟರು ಇರಬೇಕು ಅಂದುಕೊಂಡಿದ್ದೆ. ಆತ ಇಂಗ್ಲಿಷಿನವನೂ ಅಲ್ಲ, ಡಾಕ್ಟರೂ ಅಲ್ಲ.

ಈ ಕಥೆಗೆ ನನ್ನನ್ನು ಎಳೆದದ್ದು ಎರಡು ಸಂಗತಿ. ಒಂದು, ನಮ್ಮ ಅಜ್ಜಿ. ಆಕೆಯ ತವರು ಹುಬ್ಬಳ್ಳಿ ಕಡೆ. ಪ್ಲೇಗಿಗೆ ಆಕೆ ಗಂಟುಬ್ಯಾನಿ ಅಂತಾಳೆ. ಇಲಿ ಬಿದ್ದರೆ ಊರು ಬಿಡಬೇಕು ಅನ್ನೋದು ಆಕೆಗೆ ಆಕೆಯ ಅಜ್ಜಿ ಹೇಳಿದ ಮಾತು. ಒಲೆ ಆರಿಸಿ, ಬಾಗಿಲಿಗೆ ಮುಳ್ಳು ಬಡಿದು, ಹೊಲದಾಗ ಗುಡಿಸಲು ಹಾಕಿಕೊಂಡು ಮೂರು ಮೂರು ತಿಂಗಳು ಇರತಿದ್ದರಂತೆ. ಇವತ್ತು ಮಣ್ಣು ಕೊಟ್ಟು ಬಂದವನಿಗೆ ನಾಳೆ ಮಣ್ಣು ಕೊಡೋರು ಇರತಿರಲಿಲ್ಲವಂತೆ. ಎರಡನೆಯ ಸಂಗತಿ ನನ್ನ ಪ್ರಾಕ್ಟಿಕಲ್ ರೆಕಾರ್ಡಿನ ಒಂದು ಪುಟ. ಅದನ್ನು ಕೊನೆಗೆ ಹೇಳುತ್ತೇನೆ. ಹೇಳದೇ ಬಿಡಬಹುದಿತ್ತು, ಆದರೆ ಅದಿಲ್ಲದೆ ನಾನು ಈ ಲೇಖನ ಬರೆಯುತ್ತಲೇ ಇರಲಿಲ್ಲ.

ವಾಲ್ದೆಮರ್ ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಒಡೆಸ್ಸಾ ನಗರದಲ್ಲಿ. ಆಗ ಅದು ರಷ್ಯಾದ ಚಕ್ರವರ್ತಿಯ ರಾಜ್ಯದಲ್ಲಿತ್ತು, ಈಗ ಯುಕ್ರೇನಿನಲ್ಲಿದೆ. ಯಹೂದಿ ಮನೆತನ. ಹುಡುಗ ಬೆರ್ದ್ಯಾನ್ಸ್ಕ್ ಎಂಬ ಊರಿನ ಶಾಲೆಯಲ್ಲಿ ಓದಿ, ಒಡೆಸ್ಸಾದ ವಿಶ್ವವಿದ್ಯಾಲಯ ಸೇರಿ ಪ್ರಾಣಿಶಾಸ್ತ್ರ ಕಲಿತ. ಅಲ್ಲಿ ಅವನಿಗೆ ಸಿಕ್ಕ ಗುರು ಇಲ್ಯಾ ಮೆಚ್ನಿಕೋವ್. ನಮ್ಮ ರಕ್ತದಲ್ಲಿ ರೋಗಾಣುಗಳನ್ನು ನುಂಗುವ ಕಣಗಳಿವೆ ಎಂದು ತೋರಿಸಿಕೊಟ್ಟು, ಮುಂದೆ 1908ರಲ್ಲಿ ನೊಬೆಲ್ ಪಡೆದ ಮೆಚ್ನಿಕೋವ್ ಇವರೇ.

ಅದು ಕೆಟ್ಟ ಕಾಲ. 1881ರಲ್ಲಿ ರಷ್ಯಾದ ಚಕ್ರವರ್ತಿಯ ಕೊಲೆಯಾಯಿತು. ಸಿಟ್ಟು ಯಹೂದಿಗಳ ಮನೆಗಳ ಮೇಲೆ ತಿರುಗಿತು. ಗುಂಪುಗಳು ಬಂದು ಮನೆ ಸುಲಿಯುವುದು, ಹೊಡೆಯುವುದು, ಕೊಲ್ಲುವುದು. ಒಡೆಸ್ಸಾದ ಯಹೂದಿ ಹುಡುಗರು ತಮ್ಮ ಕೇರಿ ಕಾಯಲು ಒಂದು ಪಡೆ ಕಟ್ಟಿಕೊಂಡರು. ಅದರಲ್ಲಿ ಹಾಫ್‌ಕಿನ್ ಕೂಡ ಇದ್ದ. ಬಡಿದಾಟದಲ್ಲಿ ಗಾಯಗೊಂಡ, ಪೋಲೀಸರ ಕೈಗೆ ಸಿಕ್ಕಿಬಿದ್ದ, ಗುರು ಮೆಚ್ನಿಕೋವ್ ನಡುವೆ ಬಂದದ್ದರಿಂದ ಬಿಡುಗಡೆಯಾಯಿತು. ಓದು ಮುಗಿದ ಮೇಲೆ ವಿಶ್ವವಿದ್ಯಾಲಯದಲ್ಲಿ ಮೇಲಿನ ಹುದ್ದೆ ಬೇಕಾದರೆ ರಷ್ಯದ ಕ್ರೈಸ್ತ ಮತಕ್ಕೆ ಸೇರಬೇಕಿತ್ತು. ಅವನು ಸೇರಲಿಲ್ಲ. ಒಡೆಸ್ಸಾದ ಪ್ರಾಣಿ ಸಂಗ್ರಹಾಲಯದ ಸಣ್ಣ ಕೆಲಸದಲ್ಲೇ ವರ್ಷಗಳನ್ನು ಕಳೆದ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದ. ಮರುವರ್ಷ ಪ್ಯಾರಿಸ್ಸಿಗೆ, ಪಾಸ್ಚರ್ ಸಂಸ್ಥೆಗೆ ಬಂದ. ಮೆಚ್ನಿಕೋವ್ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದರು. ಶಿಷ್ಯನಿಗೆ ಕೊಡಲು ಖಾಲಿ ಇದ್ದ ಕೆಲಸ ಒಂದೇ: ಗ್ರಂಥಾಲಯದ್ದು. ಸರಿ ಅಂದ. ಹಗಲು ಪುಸ್ತಕ ಜೋಡಿಸುವುದು, ಉಳಿದ ಹೊತ್ತೆಲ್ಲ ಪ್ರಯೋಗಶಾಲೆಯಲ್ಲಿ ಸೂಕ್ಷ್ಮಜೀವಿಗಳ ಜೊತೆ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು ಬೇಸತ್ತ ನಮ್ಮ ಅಣ್ಣಂದಿರಿಗೆ ಈ ಭಾಗ ಓದಿ ಸ್ವಲ್ಪ ಸಮಾಧಾನವಾದರೂ ಆದೀತು.

ಆ ದಿನಗಳಲ್ಲಿ ಕಾಲರಾ ಜಗತ್ತನ್ನೇ ಸುತ್ತುತ್ತಿತ್ತು. ಹಾಫ್‌ಕಿನ್ ಅದನ್ನೇ ಕೈಗೆತ್ತಿಕೊಂಡ. ಕಾಲರಾ ರೋಗಾಣುವನ್ನು ಗಿನಿ ಪಿಗ್ಗಿನ ಹೊಟ್ಟೆಗೆ ಹಾಕುವುದು, ಅದರಿಂದ ತೆಗೆದು ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ಹೀಗೆ ದಾಟಿಸುತ್ತಾ ಹೋದರೆ ರೋಗಾಣುವಿನ ಉಗ್ರತೆ ಹೆಚ್ಚುತ್ತಾ ಹೋಗುತ್ತದೆ. ಇನ್ನೊಂದು ಕಡೆ ಅದೇ ರೋಗಾಣುವನ್ನು ಬಿಸಿಗಾಳಿಯಲ್ಲಿ ಬೆಳೆಸಿ ಮೆತ್ತಗೆ ಮಾಡಿದ. ಮೊದಲು ಮೆತ್ತಗಿನದು, ಕೆಲವು ದಿನ ಬಿಟ್ಟು ಉಗ್ರವಾದದ್ದು, ಎರಡು ಚುಚ್ಚುಮದ್ದು. ಪ್ರಾಣಿಗಳಲ್ಲಿ ಫಲ ಕೊಟ್ಟಿತು. ಮನುಷ್ಯರಲ್ಲಿ? 1892ರ ಜುಲೈ 18ರಂದು ಮೊದಲ ಸೂಜಿಯನ್ನು ತನಗೇ ಚುಚ್ಚಿಕೊಂಡ. ಜ್ವರ ಬಂತು, ಹೋಯಿತು. ಆಮೇಲೆ ಎರಡನೆಯದು. ಹಿಂದೆಯೇ ಅವನ ಗೆಳೆಯರೂ ತೋಳು ಒಡ್ಡಿದರು. ಅದೇ ತಿಂಗಳ ಕೊನೆಗೆ ಪ್ಯಾರಿಸ್ಸಿನ ಜೀವಶಾಸ್ತ್ರ ಸಂಘದ ಮುಂದೆ ವರದಿ ಇಟ್ಟ. ಆದರೆ ತಾನೊಬ್ಬ ಬದುಕಿ ಉಳಿದದ್ದರಿಂದ ಲಸಿಕೆ ಕಾಲರಾ ತಡೆಯುತ್ತದೆ ಎಂದು ಸಿದ್ಧವಾಗುವುದಿಲ್ಲ. ಅದು ಅಪಾಯ ಮಾಡುವುದಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಈ ವ್ಯತ್ಯಾಸ ಹಾಫ್‌ಕಿನ್‌ಗೆ ಚೆನ್ನಾಗಿ ಗೊತ್ತಿತ್ತು. ಕಾಲರಾ ಇರುವ ಕಡೆಗೇ ಹೋಗಬೇಕಿತ್ತು. ಪ್ಯಾರಿಸ್ಸಿನಲ್ಲಿ ಆಗ ಬ್ರಿಟಿಷ್ ರಾಯಭಾರಿಯಾಗಿದ್ದವರು ಹಿಂದೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಡಫರಿನ್. ಅವರ ನೆರವಿನಿಂದ ದಾರಿ ತೆರೆಯಿತು. 1893ರ ಮಾರ್ಚಿನಲ್ಲಿ ಹಾಫ್‌ಕಿನ್ ಕಲಕತ್ತೆಗೆ ಬಂದಿಳಿದ.

ಬಂದವನ ಸ್ಥಿತಿ ಯೋಚಿಸಿ. ಹುಟ್ಟಿನಿಂದ ರಷ್ಯದ ಪ್ರಜೆ, ಜಾತಿಯಿಂದ ಯಹೂದಿ, ಬಂದದ್ದು ಫ್ರಾನ್ಸಿನಿಂದ, ಕಲಿತದ್ದು ಪ್ರಾಣಿಶಾಸ್ತ್ರ. ಇಲ್ಲಿ ಆರೋಗ್ಯ ಇಲಾಖೆಯೆಲ್ಲ ಸೈನ್ಯದ ಪದವಿ ಹೊತ್ತ ಬ್ರಿಟಿಷ್ ವೈದ್ಯರ ಕೈಯಲ್ಲಿ. ವೈದ್ಯನಲ್ಲದವನೊಬ್ಬ ಸೂಜಿ ಹಿಡಿದು ಓಡಾಡುವುದು ಅವರಲ್ಲಿ ಅನೇಕರಿಗೆ ಹಿಡಿಸಲಿಲ್ಲ. ಆದರೂ ಆಗ್ರಾದಿಂದ ಶುರು ಮಾಡಿ ಉತ್ತರ ಭಾರತದ ಊರೂರು ತಿರುಗಿದ. ಎರಡೂವರೆ ವರ್ಷದಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದ. ಬಂದವರಿಗೆ ಮಾತ್ರ, ಒತ್ತಾಯವಿಲ್ಲದೆ.

1894ರಲ್ಲಿ ಕಲಕತ್ತೆಯ ಆರೋಗ್ಯಾಧಿಕಾರಿ ಸಿಂಪ್ಸನ್ ಅವನನ್ನು ಅಲ್ಲಿನ ಕೊಳಗೇರಿಗಳಿಗೆ ಕರೆದರು. ಕೊಳದ ನೀರನ್ನೇ ಕುಡಿಯುವುದು, ಅದರಲ್ಲೇ ತೊಳೆಯುವುದು. ಕಾಲರಾಕ್ಕೆ ಅದು ತವರುಮನೆ. ಕಟ್ಟಾಲ್ ಬಾಗಾನ್ ಎಂಬ ಕೇರಿಯಲ್ಲಿ ಆಗಲೇ ಸಾವು ಶುರುವಾಗಿತ್ತು. ಬಂಗಾಳಿ ವೈದ್ಯರನ್ನು ಜೊತೆಗೆ ಕರೆದುಕೊಂಡು ಹೋಗಿ, ಸುಮಾರು 200 ಜನರ ಆ ಕೇರಿಯಲ್ಲಿ 116 ಜನಕ್ಕೆ ಚುಚ್ಚಿದ. ಆಮೇಲೆ ಅಲ್ಲಿ ಕಾಲರಾ ಬಂದದ್ದು ಚುಚ್ಚಿಸಿಕೊಳ್ಳದೆ ಉಳಿದವರಿಗೆ ಮಾತ್ರ. ಆಮೇಲಿನ ವರ್ಷಗಳಲ್ಲಿ ಅಸ್ಸಾಮಿನ ಚಹಾ ತೋಟಗಳ ಕೂಲಿಗಳಿಗೂ ಹಾಕಿದ. ಮಲೇರಿಯಾ ಹಿಡಿದು ನಿತ್ರಾಣನಾಗಿ ನಡುವೆ ಇಂಗ್ಲೆಂಡಿಗೆ ಹೋಗಿ ಚೇತರಿಸಿಕೊಂಡು ಬರಬೇಕಾಯಿತು. ಬಂದ ವರ್ಷವೇ ಮುಂಬಯಿಗೆ ಪ್ಲೇಗು ಬಂತು.

1896ರ ಸೆಪ್ಟೆಂಬರ್. ಬಂದರಿನ ಹತ್ತಿರದ ಮಾಂಡವಿಯಲ್ಲಿ ಕಾಳಿನ ಗೋದಾಮುಗಳು, ಮೇಲೆ ಉಸಿರಾಡಲು ಜಾಗವಿಲ್ಲದ ಚಾಳುಗಳು. ಅಲ್ಲಿನ ರೋಗಿಯೊಬ್ಬರನ್ನು ನೋಡಿದ ಗೋವೆಯ ಮೂಲದ ಡಾಕ್ಟರ್ ಅಕಾಸಿಯೋ ವಿಯೇಗಾಸ್ ಇದು ಪ್ಲೇಗು ಎಂದು ಗುರುತಿಸಿದರು. ಜ್ವರ, ತೊಡೆಸಂದಿಯಲ್ಲೋ ಬಗಲಲ್ಲೋ ಗಂಟು, ನಾಲ್ಕಾರು ದಿನದಲ್ಲಿ ಸಾವು. ಜನ ಮುಂಬಯಿ ಬಿಟ್ಟು ಓಡಿದರು. ಗಿರಣಿಗಳು ಭಣಗುಟ್ಟಿದವು. ಸರ್ಕಾರ ಹಾಫ್‌ಕಿನ್‌ನನ್ನು ಕರೆಸಿತು. ಅಕ್ಟೋಬರ್ 7ರಂದು ಅವನು ಮುಂಬಯಿಗೆ ಬಂದ. ಬೈಖಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕೊಟ್ಟ ಜಾಗ ಒಂದು ಕೋಣೆ ಮತ್ತು ಪಡಸಾಲೆ. ಸಹಾಯಕ್ಕೆ ಒಬ್ಬ ಗುಮಾಸ್ತ, ಮೂವರು ಜವಾನರು. ಮೂರು ತಿಂಗಳು ಹಗಲು ರಾತ್ರಿ ಎನ್ನದೆ ದುಡಿದರು. ಸಹಾಯಕರಲ್ಲಿ ಒಬ್ಬ ಮನಸ್ಸು ಕೆಟ್ಟು ಕುಸಿದ, ಉಳಿದವರಲ್ಲಿ ಇಬ್ಬರು ಬಿಟ್ಟುಹೋದರು.

ಅವನು ಲಸಿಕೆ ಮಾಡಿದ ರೀತಿ ನಮ್ಮ ವಿಷಯದವರಿಗೆ ಬಲು ರುಚಿಯಾದದ್ದು, ಉಳಿದವರೂ ಸ್ವಲ್ಪ ತಾಳ್ಮೆಯಿಂದ ಓದಿ. ರೋಗಾಣು ಬೆಳೆಯಲು ಮಾಂಸದ ಸಾರು ಬೇಕು. ದನದ್ದಾದರೆ ಹಿಂದೂಗಳು ಒಪ್ಪುವುದಿಲ್ಲ, ಹಂದಿಯದ್ದಾದರೆ ಮುಸಲ್ಮಾನರು ಒಪ್ಪುವುದಿಲ್ಲ. ಅದಕ್ಕೆ ಆಡಿನ ಮಾಂಸ ತೆಗೆದುಕೊಂಡು ಆಮ್ಲದಲ್ಲಿ ಕರಗಿಸಿ ಸಾರು ಮಾಡಿದ. ಆ ಸಾರಿನ ಮೇಲೆ ಒಂದೆರಡು ಹನಿ ತುಪ್ಪ ತೇಲಿಬಿಟ್ಟ. ಹೌದು, ನಾವು ಅನ್ನಕ್ಕೆ ಹಾಕಿಕೊಳ್ಳುವ ತುಪ್ಪವೇ. ಫ್ಲಾಸ್ಕನ್ನು ಅಲುಗಾಡಿಸದೆ ಇಟ್ಟರೆ ಪ್ಲೇಗಿನ ರೋಗಾಣು ಆ ತುಪ್ಪದ ಹನಿಗೆ ಕಚ್ಚಿಕೊಂಡು ಕೆಳಮುಖವಾಗಿ ಎಳೆಎಳೆಯಾಗಿ ಬೆಳೆಯುತ್ತದೆ, ಗುಹೆಯ ಚಾವಣಿಯಿಂದ ಇಳಿಬಿದ್ದ ಕಲ್ಲಿನ ಕೋಡುಗಳ ಹಾಗೆ. ಕೆಲವು ದಿನಕ್ಕೊಮ್ಮೆ ಅಲುಗಿಸಿದರೆ ಎಳೆಗಳು ತಳಕ್ಕೆ ಬೀಳುತ್ತವೆ, ಮೇಲೆ ಹೊಸದಾಗಿ ಬೆಳೆಯುತ್ತದೆ. ಆರು ವಾರದ ಹೊತ್ತಿಗೆ ಫ್ಲಾಸ್ಕಿನಲ್ಲಿ ರೋಗಾಣುವೂ ಅದು ಬಿಟ್ಟ ವಿಷವೂ ದಟ್ಟವಾಗಿರುತ್ತವೆ. ಆಗ 65ರಿಂದ 70 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕಾಯಿಸಿ ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಸೇರಿಸುವುದು. ಇದೇ ಲಸಿಕೆ. ಸತ್ತ ರೋಗಾಣು ರೋಗ ತರಲಾರದು. ಆದರೆ ನಮ್ಮ ದೇಹಕ್ಕೆ ಶತ್ರುವಿನ ಗುರುತು ಕೊಟ್ಟು ಹೋಗುತ್ತದೆ.

1897ರ ಜನವರಿ 10ರಂದು ಹಾಫ್‌ಕಿನ್ ಮತ್ತೆ ತನ್ನ ಮೈಗೇ ಚುಚ್ಚಿಸಿಕೊಂಡ. ಮುಂದೆ ಬೇರೆಯವರಿಗೆ ಕೊಟ್ಟದ್ದು ಸುಮಾರು 3 ಸಿ.ಸಿ.; ತಾನು ತೆಗೆದುಕೊಂಡದ್ದು 10 ಸಿ.ಸಿ. ಜ್ವರ, ನೋವು ಜೋರಾಗಿಯೇ ಬಂದವು. ಅದೇ ತಿಂಗಳ ಕೊನೆಗೆ ಬೈಖಲಾ ಜೈಲಿನಲ್ಲಿ ಪ್ಲೇಗು ಕಾಣಿಸಿತು. ಕೈದಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನ ತಾವಾಗಿಯೇ ಮುಂದೆ ಬಂದು ಸೂಜಿ ಹಾಕಿಸಿಕೊಂಡರು. ಆ ಮೇಲೆ, ಹಾಕಿಸಿಕೊಳ್ಳದವರಲ್ಲಿ 12 ಜನಕ್ಕೆ ಪ್ಲೇಗು ಬಂದು 6 ಜನ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಇಬ್ಬರೂ ಉಳಿದರು. ಕೈದಿಯ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂದು ಇವತ್ತು ನಾವು ಕೇಳುತ್ತೇವೆ, ಕೇಳಲೇಬೇಕು. ಆದರೆ ಅಂದಿನ ಬೇರೆ ಕ್ರಮಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಹಾಫ್‌ಕಿನ್ ದಾರಿಯ ಬೇರೆತನ ಕಾಣುತ್ತದೆ.

ಆ ಬೇರೆ ಕ್ರಮಗಳೇನು? 1897ರ ಫೆಬ್ರವರಿಯಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. (2020ರಲ್ಲಿ ಕೋವಿಡ್ ಬಂದಾಗ ನಮ್ಮ ಸರ್ಕಾರಗಳು ಹೊರತೆಗೆದದ್ದೂ ಇದೇ ಕಾಯಿದೆಯನ್ನು.) ಸೋಲ್ಜರುಗಳು ಮನೆಗೆ ನುಗ್ಗುವುದು, ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ಗಂಟು ಇದೆಯೇ ಎಂದು ನೋಡುವುದು, ಸಾಮಾನು ಸುಡುವುದು, ರೋಗಿಯನ್ನು ಎಳೆದೊಯ್ಯುವುದು. ಪುಣೆಯಲ್ಲಿ ಜನ ರೊಚ್ಚಿಗೆದ್ದರು. ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರಾಂಡ್ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದ್ದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದೇ ವರ್ಷ ಮಾರ್ಚಿನಲ್ಲಿ ಪುಣೆಯ ಪ್ಲೇಗು ರೋಗಿಗಳ ಸೇವೆ ಮಾಡುತ್ತಾ ಸಾವಿತ್ರಿಬಾಯಿ ಫುಲೆ ತಾವೇ ಪ್ಲೇಗಿಗೆ ತುತ್ತಾಗಿದ್ದರು. ಇಂಥ ಹೊತ್ತಿನಲ್ಲಿ ಹಾಫ್‌ಕಿನ್ ತನ್ನ ಸೂಜಿಯನ್ನು ಕಾನೂನಿನ ಬಲದಿಂದ ಚುಚ್ಚಲು ಹೋಗಲಿಲ್ಲ. ಜನರ ಮುಂದೆ ತೋಳು ಒಡ್ಡುವ ದೊಡ್ಡವರನ್ನು ಹುಡುಕಿದ. ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಆಗಾ ಖಾನ್ ತಮ್ಮ ಖೋಜಾ ಸಮಾಜದ ಎದುರಿಗೆ ಮತ್ತೆ ಮತ್ತೆ ಚುಚ್ಚಿಸಿಕೊಂಡು ಭಯ ಬಿಡಿಸಿದರು. ಲಸಿಕೆ ತಯಾರಿಸಲು ಮಝಗಾಂವಿಯ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು.

ಹಾಫ್‌ಕಿನ್ ಮಾಡಿದ ಇನ್ನೊಂದು ಕೆಲಸ ನನಗೆ ಲಸಿಕೆಗಿಂತಲೂ ದೊಡ್ಡದಾಗಿ ಕಾಣುತ್ತದೆ. ಲಸಿಕೆ ಫಲ ಕೊಟ್ಟಿತೋ ಇಲ್ಲವೋ ಎಂದು ತಿಳಿಯಲು, ಹಾಕಿಸಿಕೊಂಡವರನ್ನು ಹಾಕಿಸಿಕೊಳ್ಳದವರ ಜೊತೆ ಹೋಲಿಸಬೇಕು; ಅದೂ ಒಂದೇ ಸೂರಿನಡಿ, ಒಂದೇ ಅಪಾಯದಲ್ಲಿ ಇರುವವರನ್ನು. 1898ರಲ್ಲಿ ಬಡೋದೆಯ ಹತ್ತಿರದ ಉಂಢೇರಾ ಎಂಬ ಹಳ್ಳಿಯಲ್ಲಿ ಪ್ರತಿ ಮನೆಯವರಲ್ಲೂ ಸುಮಾರು ಅರ್ಧ ಜನಕ್ಕೆ ಸೂಜಿ ಹಾಕಿದ. ಆಮೇಲೆ ಪ್ಲೇಗು ಹೊಕ್ಕ 28 ಮನೆಗಳ ಲೆಕ್ಕ ಹೀಗಿದೆ: ಹಾಕಿಸಿಕೊಳ್ಳದ 64 ಜನರಲ್ಲಿ 26 ಜನ ಸತ್ತರು, ಹಾಕಿಸಿಕೊಂಡ 71 ಜನರಲ್ಲಿ 3 ಜನ ಸತ್ತರು. ಲೆಕ್ಕ ಅಂದರೆ ಬೇಸರ ಪಡುವ ಗೆಳೆಯರೆ, ಈ ಎರಡು ಸಂಖ್ಯೆಗಳ ನಡುವೆ ಎಷ್ಟು ಮನೆಗಳ ದೀಪ ಉಳಿಯಿತು ಎಂದು ಒಂದು ಗಳಿಗೆ ಯೋಚಿಸಿ.

ನಮ್ಮ ನಾಡಿಗೂ ಪ್ಲೇಗು ರೈಲಿನ ದಾರಿ ಹಿಡಿದು ಬಂತು. 1898ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗ ತತ್ತರಿಸಿದವು. ಆ ವರ್ಷವೇ ಆಗಸ್ಟಿನಲ್ಲಿ ಬೆಂಗಳೂರಿಗೂ ಹೊಕ್ಕಿತು. ಇಕ್ಕಟ್ಟಾದ ಪೇಟೆಯ ಜನಕ್ಕೆ ಗಾಳಿ ಬೆಳಕು ಬೇಕೆಂದು ಬಸವನಗುಡಿ, ಮಲ್ಲೇಶ್ವರಗಳು ಎದ್ದದ್ದು ಆ ಕಾಲದಲ್ಲೇ. ಪ್ಲೇಗಿನ ಮಾರಮ್ಮನ ಗುಡಿಗಳು ಎದ್ದದ್ದೂ ಆ ಕಾಲದಲ್ಲೇ. ಹುಬ್ಬಳ್ಳಿಯಲ್ಲಿ ಲಾಯ್ಮನ್ ಎಂಬ ವೈದ್ಯಾಧಿಕಾರಿ ಹಾಫ್‌ಕಿನ್ ಲಸಿಕೆಯನ್ನು 30 ಸಾವಿರಕ್ಕೂ ಹೆಚ್ಚು ಜನಕ್ಕೆ ಹಾಕಿದರು. ಒಂದೇ ಊರಿನಲ್ಲಿ ಅಷ್ಟೊಂದು ಜನ ಹಾಕಿಸಿಕೊಂಡದ್ದು ಆಗ ದೊಡ್ಡ ಸುದ್ದಿ. ಇದನ್ನು ಓದಿದ ದಿನ ನಾನು ಅಜ್ಜಿಯ ಹತ್ತಿರ ಹೋಗಿ ಕೂತೆ. ನಿಮ್ಮ ಅಜ್ಜಿ ಸೂಜಿ ಹಾಕಿಸಿಕೊಂಡಿದ್ದಳೇನು ಅಂತ ಕೇಳಿದೆ. ಆಕೆಗೆ ಗೊತ್ತಿಲ್ಲ. ಆದರೆ ಆ ಮನಿಯಾಗ ಐದು ಮಂದಿ ಹೋಗಿ ಇಬ್ಬರು ಉಳದರು, ಆ ಇಬ್ಬರೊಳಗ ಒಬ್ಬಾಕಿ ನನ್ನ ಅಜ್ಜಿ ಅಂತಷ್ಟೇ ಹೇಳಿದಳು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು.

1899ರ ಆಗಸ್ಟ್ 10ರಂದು ಪರೇಲಿನ ಹಳೆಯ ಗವರ್ನರ್ ಬಂಗಲೆಯಲ್ಲಿ ಪ್ಲೇಗು ಸಂಶೋಧನಾಲಯ ತೆರೆಯಿತು. 1882ರಲ್ಲಿ ಗವರ್ನರ್ ಫರ್ಗ್ಯುಸನ್ನರ ಹೆಂಡತಿ ಕಾಲರಾದಿಂದ ತೀರಿಕೊಂಡದ್ದು ಅದೇ ಬಂಗಲೆಯಲ್ಲಿ. ಅದಾದ ಮೇಲೆ ಗವರ್ನರರು ಅಲ್ಲಿ ವಾಸ ಬಿಟ್ಟಿದ್ದರು. ಕಾಲರಾ ಖಾಲಿ ಮಾಡಿಸಿದ ಮನೆಯಲ್ಲಿ ಕಾಲರಾ ಲಸಿಕೆಯವನು ಬಂದು ಕೂತ. ದೇಶದ ಮೂಲೆ ಮೂಲೆಗೆ, ಹೊರದೇಶಗಳಿಗೆ ಅಲ್ಲಿಂದ ಸೀಸೆಗಳು ಹೊರಟವು. ಎಲ್ಲವೂ ಸುಗಮವಾಗಿತ್ತು ಎಂದಲ್ಲ. ಸರ್ಕಾರದ ಪ್ಲೇಗು ಆಯೋಗ ಲಸಿಕೆಯಿಂದ ಉಪಯೋಗವಿದೆ ಎಂದು ಒಪ್ಪಿತು. ಆದರೆ ಡೋಸಿನ ಬಲವನ್ನು ಅಳೆಯುವ ಕ್ರಮ ಸರಿಯಿಲ್ಲ ಎಂದು ಆಕ್ಷೇಪಿಸಿತು. ಆಕ್ಷೇಪದಲ್ಲಿ ಹುರುಳಿತ್ತು. ಒಂದೇ ಗುಣ, ಒಂದೇ ಬಲ, ಪ್ರತಿ ಸೀಸೆಯಲ್ಲೂ ಇರಬೇಕು ಎನ್ನುವುದೇ ಇವತ್ತು ನಾವು ಕಲಿಯುವ ವಿದ್ಯೆಯ ಮೊದಲ ಪಾಠ.

ಇನ್ನು ಆ ಸೀಸೆಯ ಕಥೆ.

1902ರ ಹೊತ್ತಿಗೆ ಪಂಜಾಬಿನಲ್ಲಿ ಪ್ಲೇಗು ಹಬ್ಬಿತ್ತು. ಅಲ್ಲಿನ ಸರ್ಕಾರ ಲಕ್ಷಗಟ್ಟಲೆ ಜನಕ್ಕೆ ಲಸಿಕೆ ಹಾಕಲು ಹೊರಟಿತು. ಅಷ್ಟು ಬೇಗ ಅಷ್ಟು ಲಸಿಕೆ ಬೇಕು ಎಂದಾಗ ಹಾಫ್‌ಕಿನ್ ತಯಾರಿಕೆಯ ಕ್ರಮದಲ್ಲಿ ಒಂದು ಬದಲಾವಣೆ ಮಾಡಿದ್ದ: ಕಾರ್ಬಾಲಿಕ್ ಆಮ್ಲ ಬಿಟ್ಟು, ಬರೀ ಶಾಖದಿಂದ ಶುದ್ಧಿ ಮಾಡುವುದು. ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನ ಚುಚ್ಚಿಸಿಕೊಂಡರು. ಬಳಸಿದ ಸೀಸೆಗಳು ಐದು. ಒಂದು ವಾರ ಕಳೆಯಿತು. ಅವರಲ್ಲಿ 19 ಜನಕ್ಕೆ ದವಡೆ ಕಚ್ಚಿಕೊಂಡಿತು, ಮೈ ಬಿಲ್ಲಿನಂತೆ ಬಾಗಿತು. ಧನುರ್ವಾಯು. ಹತ್ತೊಂಬತ್ತು ಜನವೂ ಸತ್ತರು. ಅಷ್ಟೂ ಜನಕ್ಕೆ ಹಾಕಿದ್ದು ಒಂದೇ ಸೀಸೆಯಿಂದ. ಅದರ ಗುರುತು 53-ಎನ್. ಉಳಿದ ನಾಲ್ಕು ಸೀಸೆಯವರಿಗೆ ಏನೂ ಆಗಲಿಲ್ಲ.

ರೋಗ ತಡೆಯಲೆಂದು ಹೋದ ಸೂಜಿಯಿಂದ 19 ಸಾವು. ಅವರು ಚುಚ್ಚಿಸಿಕೊಳ್ಳುವಾಗ ಆರೋಗ್ಯವಾಗಿದ್ದವರು. ನಂಬಿ ಬಂದವರು. ಹಾಫ್‌ಕಿನ್ ಕಥೆಯನ್ನು ಹೇಳುವವರು ಅನೇಕರು ಅವನಿಗಾದ ಅನ್ಯಾಯವನ್ನು ಹೇಳುವ ಭರದಲ್ಲಿ ಈ 19 ಜನರನ್ನು ಬೇಗ ದಾಟಿಬಿಡುತ್ತಾರೆ. ನಾನು ದಾಟಲಾರೆ.

ವಿಚಾರಣೆಗೆ ಆಯೋಗ ಕೂತಿತು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಸೀಸೆ ತೆರೆಯುವ ಮೊದಲೇ, ಅಂದರೆ ಪರೇಲಿನಲ್ಲೇ, ಕೆಟ್ಟಿತ್ತು ಎಂದು ಆಯೋಗ ತೀರ್ಮಾನಿಸಿತು. ಕಾರ್ಬಾಲಿಕ್ ಬಿಟ್ಟದ್ದು ದೊಡ್ಡ ತಪ್ಪಾಗಿ ಕಂಡಿತು. ಪಾಸ್ಚರ್ ಸಂಸ್ಥೆಯಲ್ಲಿ ಶಾಖದ ಕ್ರಮವೇ ರೂಢಿಯಲ್ಲಿತ್ತು ಎನ್ನುವುದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಫ್‌ಕಿನ್ ತಾನೇ ಕಟ್ಟಿದ ಪ್ರಯೋಗಶಾಲೆಯನ್ನು ಬಿಟ್ಟು ಹೊರಬರಬೇಕಾಯಿತು. ಸಂಬಳವಿಲ್ಲದ ರಜೆಯ ಮೇಲೆ ಲಂಡನ್ನಿಗೆ ಹೋದ. ಅಷ್ಟರಲ್ಲಿ ಫ್ರಾನ್ಸಿನಲ್ಲಿ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಗೆ ಸುಳ್ಳು ಆರೋಪದ ಮೇಲೆ ಶಿಕ್ಷೆಯಾಗಿ ಜಗತ್ತೆಲ್ಲ ಗದ್ದಲವೆದ್ದಿತ್ತು. ಹಾಫ್‌ಕಿನ್‌ನದೂ ಪುಟ್ಟ ಡ್ರೈಫಸ್ ಪ್ರಕರಣ ಎಂದು ಜನ ಆಮೇಲೆ ಕರೆದರು. ಒಡೆಸ್ಸಾದಲ್ಲಿ ಬಿಟ್ಟುಬಂದದ್ದು ಇಲ್ಲಿಯೂ ಅವನ ಬೆನ್ನು ಬಿಡಲಿಲ್ಲವೇನೋ.

ಅವನ ಪರವಾಗಿ ನಿಂತವರಲ್ಲಿ ಮುಖ್ಯರು ರೊನಾಲ್ಡ್ ರಾಸ್. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ ಎಂದು ತೋರಿಸಿ 1902ರಲ್ಲಿ ನೊಬೆಲ್ ಪಡೆದವರು. 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕೆಂದು ನಮ್ಮ ಬೆಂಗಳೂರಿಗೂ ಬಂದು ಹೋದವರು. ವಿಚಾರಣೆಯ ಕಾಗದಗಳು ಅಚ್ಚಾಗಿ ಹೊರಬಂದ ಮೇಲೆ ರಾಸ್ ಅವನ್ನು ಗಮನವಿಟ್ಟು ಓದಿದರು. ಅಲ್ಲೊಂದು ಸಣ್ಣ ಸಂಗತಿ ದಾಖಲಾಗಿತ್ತು. ಮುಲ್ಕೋವಾಲಿನಲ್ಲಿ ಆ ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮ್ಮಟ ನೆಲಕ್ಕೆ ಬಿದ್ದಿತ್ತು. ಅವನು ಅದನ್ನು ಬೆಂಕಿಯಲ್ಲಿ ಹಿಡಿದು ಶುದ್ಧಿ ಮಾಡಲಿಲ್ಲ. ಕಾರ್ಬಾಲಿಕ್ ನೀರಿನಲ್ಲಿ ಒಮ್ಮೆ ಅದ್ದಿ, ಅದರಿಂದಲೇ ಬಿರಡೆ ತೆಗೆದ. ಧನುರ್ವಾಯುವಿನ ಬೀಜಕಗಳು ಇರುವುದೇ ಮಣ್ಣಿನಲ್ಲಿ, ಸೆಗಣಿಯಲ್ಲಿ. ಒಂದು ಅದ್ದಿಗೆ ಅವು ಸಾಯುವಂಥವಲ್ಲ. ಪರೇಲಿನಲ್ಲೇ ಸೀಸೆಗೆ ಅವು ಹೊಕ್ಕಿದ್ದರೆ, ವಾರಗಟ್ಟಲೆ ಸಾರಿನಲ್ಲಿ ಬೆಳೆದು, ತೆರೆದ ಕೂಡಲೇ ದುರ್ವಾಸನೆ ಬಡಿಯಬೇಕಿತ್ತು. ಅಂಥ ವಾಸನೆ ಇರಲಿಲ್ಲ. ಅಷ್ಟು ದಿನ ವಿಷ ತುಂಬಿದ ಸಾರಾಗಿದ್ದರೆ ರೋಗ ಕಾಣಿಸಲು ಒಂದು ವಾರವೂ ಬೇಕಾಗುತ್ತಿರಲಿಲ್ಲ. 1907ರ ಜುಲೈನಲ್ಲಿ ರಾಸ್ ಮತ್ತಿತರ ಹೆಸರಾಂತ ವಿಜ್ಞಾನಿಗಳು, ಒಟ್ಟು ಹತ್ತು ಜನ, ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಸಹಿ ಹಾಕಿ ಪತ್ರ ಬರೆದರು. ಅದೇ ವರ್ಷದ ಕೊನೆಗೆ ಸರ್ಕಾರ ಅವನ ಮೇಲಿನ ಆರೋಪ ಕೈಬಿಟ್ಟಿತು.

ಐದು ವರ್ಷ ಹೋಗಿಯೇ ಹೋಗಿತ್ತು. ಪರೇಲಿನ ಕುರ್ಚಿಯಲ್ಲಿ ಬೇರೆಯವರಿದ್ದರು. ಹಾಫ್‌ಕಿನ್‌ಗೆ ಕಲಕತ್ತೆಯ ಪ್ರಯೋಗಶಾಲೆಯಲ್ಲಿ ಕೆಲಸ ಕೊಟ್ಟರು. ಅಲ್ಲಿ ಲಸಿಕೆ ತಯಾರಿಸುವ ಸೌಕರ್ಯವಿರಲಿಲ್ಲ. ಬರೀ ಕಾಗದದ ಮೇಲಿನ ಸಂಶೋಧನೆ. 1914ರಲ್ಲಿ ನಿವೃತ್ತನಾಗಿ ಭಾರತ ಬಿಟ್ಟ. ಮದುವೆಯಾಗಲಿಲ್ಲ. ಫ್ರಾನ್ಸಿನಲ್ಲಿ, ಆಮೇಲೆ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಒಂಟಿಯಾಗಿ ಇದ್ದ. ವಯಸ್ಸಾದಂತೆ ತನ್ನ ಧರ್ಮದ ಕಟ್ಟಳೆಗಳಿಗೆ ಹತ್ತಿರವಾದ. ಗಳಿಸಿದ್ದನ್ನೆಲ್ಲ ಪೂರ್ವ ಯೂರೋಪಿನ ಯಹೂದಿ ಪಾಠಶಾಲೆಗಳಿಗೆ ಬಿಟ್ಟುಹೋದ. 1925ರಲ್ಲಿ ಪರೇಲಿನ ಸಂಸ್ಥೆಗೆ ಅವನ ಹೆಸರಿಟ್ಟರು. ಅಷ್ಟರೊಳಗೆ ಅಲ್ಲಿಂದ ಹೊರಟಿದ್ದ ಪ್ಲೇಗು ಲಸಿಕೆ 2 ಕೋಟಿ 60 ಲಕ್ಷ ಡೋಸು. 1930ರ ಅಕ್ಟೋಬರ್ 26ರಂದು ಲೋಸಾನ್‌ನಲ್ಲಿ ತೀರಿಕೊಂಡ. 1964ರಲ್ಲಿ ಭಾರತ ಸರ್ಕಾರ ಅವನ ಅಂಚೆಚೀಟಿ ತಂದಿತು.

ಇವತ್ತು ಪ್ಲೇಗಿಗೆ ಆಂಟಿಬಯೋಟಿಕ್ ಇದೆ. ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುತ್ತದೆ ಎಂದು 1898ರಲ್ಲಿ ಕರಾಚಿಯಲ್ಲಿ ಸಿಮೋಂಡ್ ಹೇಳಿದ್ದೂ, ಮುಂದೆ ಪರೇಲಿನಲ್ಲೇ ಅದು ಖಚಿತವಾದದ್ದೂ ನಮಗೆ ಗೊತ್ತು. ಇಲಿ ಬಿದ್ದರೆ ಊರು ಬಿಡಬೇಕು ಅನ್ನೋ ಅಜ್ಜಿಯ ಮಾತು ಸುಳ್ಳಾಗಿರಲಿಲ್ಲ. ಹಾಫ್‌ಕಿನ್ ಲಸಿಕೆ ಈಗ ಯಾರೂ ಹಾಕಿಸಿಕೊಳ್ಳುವುದಿಲ್ಲ. ಆದರೆ ಗೋಡೆಯ ಮೇಲೆ ಹೆಸರು ಉಳಿದಿದೆ.

ಈಗ ನನ್ನ ರೆಕಾರ್ಡಿನ ಪುಟ. ಚುಚ್ಚುಮದ್ದಿನ ನೀರು ಶುದ್ಧವಾಗಿದೆಯೇ ಎಂದು ನೋಡುವ ಪ್ರಾಕ್ಟಿಕಲ್ ನಮಗಿತ್ತು. ಆ ನೀರನ್ನು ರೋಗಾಣು ಬೆಳೆಯುವ ದ್ರವದ ನಳಿಗೆಗಳಿಗೆ ಹಾಕಿ 14 ದಿನ ಕಾಯುವುದು; ದ್ರವ ತಿಳಿಯಾಗಿಯೇ ಉಳಿದರೆ ಶುದ್ಧ, ಕದಡಿದರೆ ಅಲ್ಲ. ಒಂದು ಬಗೆಯ ದ್ರವ ಇರುವುದೇ ಧನುರ್ವಾಯುವಿನಂಥ, ಗಾಳಿ ಬೇಡದ ರೋಗಾಣುಗಳನ್ನು ಹಿಡಿಯಲು. ಆ ದಿನ ನನ್ನ ಚಿಮ್ಮಟ ನೆಲಕ್ಕೆ ಬಿತ್ತು. ಎತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಕೆಲಸ ಮುಂದುವರಿಸಿದೆ. ಬರ್ನರ್ ಕೈಗೆ ಎಟಕುವಷ್ಟು ಹತ್ತಿರವಿತ್ತು. ಹದಿನಾಲ್ಕನೇ ದಿನ ನೋಡಿದರೆ ಒಂದು ನಳಿಗೆ ಕದಡಿತ್ತು. ಮತ್ತೆ ಮಾಡಲು ಮತ್ತೆ 14 ದಿನ ಬೇಕು, ಪರೀಕ್ಷೆ ಹತ್ತಿರ. ಎಲ್ಲ ನಳಿಗೆಗಳೂ ತಿಳಿಯಾಗಿವೆ ಎಂದು ಬರೆದೆ. ಮೇಡಮ್ ಸಹಿ ಹಾಕಿದರು. ಒಂಬತ್ತು ಅಂಕ ಬಂತು.

ಆ ನೀರು ಯಾರ ಮೈಗೂ ಹೋಗುವುದಿಲ್ಲ, ಬರೀ ಪಾಠ ಅಂತ ನನಗೆ ನಾನೇ ಹೇಳಿಕೊಂಡೆ. ಮುಲ್ಕೋವಾಲಿನ ಕಥೆ ಓದಿದ ರಾತ್ರಿ ಆ ಸಮಾಧಾನ ನಿಲ್ಲಲಿಲ್ಲ. ಚಿಮ್ಮಟ ಬಿದ್ದದ್ದು ನನ್ನನ್ನು ಕಾಡಲಿಲ್ಲ. ಯಾರ ಕೈಯಿಂದಲಾದರೂ ಬೀಳುತ್ತದೆ. ಕಾಡಿದ್ದು ಕಾಗದ. ಆ ಹಳ್ಳಿಯ ಸಹಾಯಕನ ಚಿಮ್ಮಟ ಬಿದ್ದ ಸಂಗತಿ ವಿಚಾರಣೆಯ ಕಾಗದದಲ್ಲಿ ಇತ್ತು. ಅದು ಇದ್ದದ್ದರಿಂದಲೇ ರಾಸ್ ಓದಿದರು, ಹಾಫ್‌ಕಿನ್ ಮೇಲಿನ ಕಳಂಕ ಹೋಯಿತು. ನನ್ನ ಕಾಗದದಲ್ಲಿ ಏನಿತ್ತು? ನನ್ನ ಪುಟವನ್ನು ನಂಬಿದವರು ಯಾವ ಸತ್ಯಕ್ಕೂ ಮುಟ್ಟುತ್ತಿರಲಿಲ್ಲ.

ಮರುದಿನ ಮೇಡಮ್ ಹತ್ತಿರ ಹೋಗಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಬರೆದದ್ದನ್ನು ಕಾಣದಂತೆ ಗೀಚಬೇಡ, ಒಂದೇ ಗೆರೆ ಎಳಿ, ಪಕ್ಕದಲ್ಲಿ ನಿಜ ಬರಿ, ಸಹಿ, ತಾರೀಖು ಹಾಕು ಅಂದರು. ಪ್ರಾಕ್ಟಿಕಲ್ ಮತ್ತೆ ಮಾಡು ಅಂದರು. ಅಂಕ ಒಂಬತ್ತರಿಂದ ನಾಲ್ಕಕ್ಕೆ ಇಳಿಯಿತು.

ನನ್ನ ಹೊಸ ನಳಿಗೆಗಳು ಈಗ ಕಪಾಟಿನಲ್ಲಿವೆ. ಇವತ್ತಿಗೆ ಒಂಬತ್ತು ದಿನ. ಇನ್ನೂ ತಿಳಿಯಾಗಿಯೇ ಇವೆ. ಕದಡಿದರೂ ಬರೆಯುತ್ತೇನೆ.